ಹೊಳೆಯ ದಡದ ಕಲ್ಲು



ಕಳೆದ ಬೇಸಿಗೆಯಲ್ಲಿ ಹವಳಗಾ ಮೊದಲಾದ ಭೀಮಾಸೀಮೆಯ ಹಳ್ಳಿಗಳ ಕೆಲವರನ್ನು ಕರೆದುಕೊಂಡು ನಾವು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಅಲ್ಲಿಯ ಕೋಟೆಯು ರೈಲು ನಿಲ್ದಾಣಕ್ಕೆ ಸಮೀಪವೇ ಇರುವದರಿಂದ ಮುದುಕರಿಗೂ ಮಕ್ಕಳಿಗೂ ಆ ನಡಿಗೆ ಪ್ರಯಾಸವಾಗದು.

ನಾವು ಹೊರಡುವದಕ್ಕೆ ಮುಂಚೆ, ನಾವು ಸೇವೆಮಾಡುವ ಒಂದು ಸಭೆಯಲ್ಲಿ ಕಲಹ ಹುಟ್ಟಿತ್ತು. ಪ್ರಾರ್ಥನಾಲಯಕ್ಕೆ ಹೊಸ ಮಾಳಿಗೆ ಹಾಕಿಸಿದ ಮೇಲೆ, ಹಣ ಕೊಟ್ಟವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಬೇಕೆಂದು ಮಾತಾಯಿತು. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ವಾದದಿಂದ ಎರಡು ಮನೆಗಳವರು ಕರ್ತನ ಭೋಜನಕ್ಕೆ ಬರುವದನ್ನೇ ಬಿಟ್ಟರು. ಆ ಪಟ್ಟಿಯನ್ನು ಬರೆದವರು ನಾವೇ. ನಮ್ಮ ಹೆಸರನ್ನು ಮೇಲೆಯೇ ಬರೆದುಕೊಂಡಿದ್ದೆವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಶ್ರೀರಂಗಪಟ್ಟಣದ ಕೋಟೆಯ ಪಶ್ಚಿಮ ಭಾಗದಲ್ಲಿ, ಕಾವೇರಿಗೆ ಎದುರಾಗಿ, ಎತ್ತರವಾದ ಒಂದು ಕಲ್ಲಿನ ಕಂಬವಿರುವದು. 1799 ನೇ ಮೇ 4 ರಂದು ಜನರಲ್ ಹ್ಯಾರಿಸನ ಸೈನ್ಯವು, ಮಳೆಗಾಲಕ್ಕೆ ಮುಂಚೆ ನೀರು ಇಳಿದಿದ್ದ ಹೊಳೆಯನ್ನು ನಡುಹಗಲಿನಲ್ಲಿ ದಾಟಿ, ಗುಂಡುಗಳಿಂದ ಒಡೆದ ಗೋಡೆಯ ಮೂಲಕ ಒಳನುಗ್ಗಿತು. ಆ ಮುತ್ತಿಗೆಯ ಮತ್ತು ಅದರಲ್ಲಿ ಬಿದ್ದ ಅಧಿಕಾರಿಗಳ ಜ್ಞಾಪಕಾರ್ಥವಾಗಿ ಮೈಸೂರು ಸರಕಾರದವರು 1907 ರಲ್ಲಿ ಇದನ್ನು ಎತ್ತಿಸಿದರು. ಕೋಟೆಯೊಳಗೆ ಸ್ವಲ್ಪ ದೂರ ನಡೆದರೆ, ಅದೇ ದಿನ ಕಾದಾಡುತ್ತಾ ಮಡಿದ ಟೀಪೂ ಸುಲ್ತಾನನ ದೇಹವು ಸಿಕ್ಕಿದ ಸ್ಥಳವನ್ನು ತಿಳಿಸುವ ಇನ್ನೊಂದು ಕಲ್ಲು ಇರುವದು.

ಕಂಬದ ಬಳಿಯಲ್ಲಿ ಹುಡುಗನೊಬ್ಬನು, "ಅಯ್ಯನವರೇ, ಇವರಲ್ಲಿ ನಮ್ಮವರು ಯಾರು?" ಎಂದು ಕೇಳಿದನು. ನಾವು ಏನು ಹೇಳಬೇಕು? ಆ ಕಾಲದಲ್ಲಿ ನಮ್ಮ ಕಲಬುರಗಿ ಸೀಮೆಯು ನಿಜಾಮರ ಕೈಕೆಳಗಿತ್ತು. ಅವರ ದಂಡು ಇಂಗ್ಲಿಷರೊಡನೆ ಬಂದಿತ್ತು. ಕೋಟೆಯೊಳಗಿದ್ದವರಲ್ಲಿಯೂ ಕನ್ನಡ ನುಡಿಯುವ ತಾಯಂದಿರ ಮಕ್ಕಳಿದ್ದರು. ಹೊಳೆಯ ಬಂಡೆಗಳ ಮೇಲೆ ಬಿದ್ದ ಸಿಪಾಯಿಗೂ ಗೋಡೆಯ ಮೇಲೆ ಬಿದ್ದ ಬಂಟನಿಗೂ ಮನೆಯಲ್ಲಿ ಒಬ್ಬ ತಾಯಿ ಕಾದಿದ್ದಳು. ದೊಡ್ಡವರಿಗೆ ಕಲ್ಲು ನಿಂತಿತು, ಇವರಿಗೆ ಹೆಸರಿಲ್ಲ. ಆದಕಾರಣ, "ಮಗುವೇ, ಎರಡು ಕಡೆಯವರೂ ನಮ್ಮವರೇ" ಎಂದೆವು.

ಆಗ ಯೊರ್ದನಿನ ಕಲ್ಲುಗಳು ನಮ್ಮ ನೆನಪಿಗೆ ಬಂದವು. ಇಸ್ರಾಯೇಲ್ಯರು ಆ ಹೊಳೆಯನ್ನು ದಾಟಿದಾಗ, ಕುಲಕ್ಕೊಬ್ಬನಂತೆ ಹನ್ನೆರಡು ಮಂದಿ ಹೊಳೆಯ ನಡುವಿನಿಂದ ಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ತಂದರು. ಹೊತ್ತವರ ಹೆಸರುಗಳನ್ನು ಯೆಹೋಶುವನ ಗ್ರಂಥವು ಅಲ್ಲಿ ಹೇಳುವದಿಲ್ಲ. ಮುಂದೆ ಮಕ್ಕಳು ಈ ಕಲ್ಲುಗಳೇನೆಂದು ಕೇಳುವಾಗ, ದೇವರು ನಡಿಸಿದ ಕಾರ್ಯವನ್ನು ತಿಳಿಸುವದೇ ಅವುಗಳ ಉದ್ದೇಶವಾಗಿತ್ತು, ಹೊತ್ತವರನ್ನು ಹೊಗಳುವದಲ್ಲ. ಹಾಗಾದರೆ ಹೊತ್ತವರನ್ನು ದೇವರು ಮರೆತನೋ? ಎಂದಿಗೂ ಇಲ್ಲ. ತನ್ನ ಜನರನ್ನು ಅಂಗೈಯಲ್ಲಿಯೇ ಕೆತ್ತಿಕೊಂಡಿದ್ದಾನೆಂದು ಪ್ರವಾದಿಯಾದ ಯೆಶಾಯನು ಸಾರಿದ್ದಾನೆ. ಮೊಳೆಗಳಿಂದ ಗಾಯಗೊಂಡ ಆ ಕೈಗಳನ್ನು ನಾವು ಬಲ್ಲೆವು.

ಪ್ರಿಯರೇ, ಊರಿಗೆ ತಿರುಗಿ ಬಂದು ನಾವು ಆ ಪಟ್ಟಿಯನ್ನು ಸಭೆಯ ಮುಂದೆಯೇ ಹರಿದೆವು. ಗಾರೆಗೆ ದಿನಾಲೂ ಕೊಡದಲ್ಲಿ ನೀರು ಹೊತ್ತ ಮುದುಕಿ ತಾಯಿಯೊಬ್ಬಳ ಹೆಸರು ಅದರಲ್ಲಿ ಇರಲೇ ಇಲ್ಲವೆಂಬದು ಆಗಲೇ ನಮಗೆ ತೋರಿತು. ಈಗ ಗೋಡೆಯ ಕಲ್ಲಿನಲ್ಲಿ ವರುಷ ಮಾತ್ರ ಇರುವದು. ಮುನಿದವರಲ್ಲಿ ಒಂದು ಮನೆಯವರು ತಿರುಗಿ ಬಂದರು; ಇನ್ನೊಂದು ಮನೆಯವರು ಇನ್ನೂ ಬಂದಿಲ್ಲ. ಅವರ ಬಾಗಲಿಗೆ ಹೋಗುವದನ್ನು ನಾವು ಬಿಟ್ಟಿಲ್ಲ.

ನಿಮ್ಮ ಸಭೆಯಲ್ಲಿಯೂ ನೀರು ಹೊತ್ತವರು, ಕಸ ಗುಡಿಸಿದವರು, ದೀಪ ಹಚ್ಚಿದವರು ಇರುವರಲ್ಲವೇ? ಬರುವ ಆದಿತ್ಯವಾರ ಅವರ ಹೆಸರು ಹಿಡಿದು ಪ್ರಾರ್ಥಿಸಿರಿ. ಮುನಿದವನ ಮನೆಗೆ ನೀವೇ ಮೊದಲು ನಡೆಯಿರಿ. ಕಲ್ಲಿನ ಹೆಸರು ಮಳೆಗಾಳಿಗೆ ಸವೆಯುವದು. ಕರ್ತನ ಕೈಯಲ್ಲಿರುವ ಹೆಸರು ಅಳಿಯದು. ಆಮೆನ್.