ಎರಡು ನೆಲಗಳ ಋಣ

ಮನುಷ್ಯನು ಹುಟ್ಟುವಾಗಲೇ ಋಣಿಯಾಗಿ ಹುಟ್ಟುತ್ತಾನೆಂಬುದು ಪೂರ್ವಿಕರ ಸಿದ್ಧಾಂತ. ದೇವಋಣ, ಋಷಿಋಣ, ಪಿತೃಋಣ ಎಂದು ಅವರು ಮೂರನ್ನು ಎಣಿಸಿದರು. ಯಜ್ಞದಿಂದ ಮೊದಲನೆಯದೂ, ಅಧ್ಯಯನದಿಂದ ಎರಡನೆಯದೂ, ಸಂತಾನದಿಂದ ಮೂರನೆಯದೂ ತೀರತಕ್ಕವೆಂದು ವಿಧಿಸಿದರು. ಈ ಎಣಿಕೆಯಲ್ಲಿ ನೆಲದ ಋಣಕ್ಕೆ ಬೇರೆ ಸ್ಥಾನವಿಲ್ಲ. ತಂದೆ ಉತ್ತ ಹೊಲವನ್ನೇ ಮಗನೂ ಉಳುತ್ತಿದ್ದ ಕಾಲದಲ್ಲಿ ಪಿತೃಋಣವನ್ನೂ ಭೂಮಿಯ ಋಣವನ್ನೂ ಬೇರ್ಪಡಿಸಿ ನೋಡುವ ಅಗತ್ಯವೇ ಇರಲಿಲ್ಲ. ಈಗಲಾದರೋ ತಂದೆ ಹುಟ್ಟಿದ ನೆಲ ಒಂದು, ಮಗ ಹುಟ್ಟಿದ ನೆಲ ಮತ್ತೊಂದು. ಎರಡರ ನಡುವೆ ಸಮುದ್ರಗಳು. ಹೀಗಿರುವಲ್ಲಿ ಒಬ್ಬನು ಯಾವ ನೆಲಕ್ಕೆ ಸಲ್ಲತಕ್ಕವನು? ಎರಡಕ್ಕೂ ಋಣಿಯಾದವನು ಒಂದಕ್ಕೆ ಮಾತ್ರ ದುಡಿದರೆ ಇನ್ನೊಂದಕ್ಕೆ ದ್ರೋಹ ಬಗೆದಂತಾಗುವುದೇ?

ಈ ಪ್ರಶ್ನೆಯನ್ನು ಗ್ರಂಥಗಳಲ್ಲಿ ಹುಡುಕುವುದಕ್ಕಿಂತ ಒಂದು ಜೀವನದಲ್ಲಿ ನೋಡುವುದು ಮೇಲು. ಅಂಥ ಜೀವನವೊಂದು ವಿದ್ವಾಂಸರ ನಡುವೆಯಲ್ಲ, ಕಾಲ್ಚೆಂಡಾಟದ ಬಯಲಿನಲ್ಲಿ ದೊರಕುತ್ತದೆ. ಅದು ಬಾಂಗ್ಲಾದೇಶದ ತಂಡವನ್ನು ಬಹುಕಾಲ ಮುನ್ನಡೆಸಿದ ಜಮಾಲ್ ಭುಯ್ಯಾನನ ಜೀವನ.

ಕಾಲ್ಚೆಂಡಾಟದಲ್ಲಿ ಈತನ ಸ್ಥಾನ ಅಂಗಣದ ಮಧ್ಯಭಾಗ. ಆಟವನ್ನು ಅರಿಯದವರಿಗಾಗಿ ಒಂದು ಮಾತು. ಹಿಂದೆ ನಿಂತವರು ಗೋಲನ್ನು ಕಾಯುವವರು; ಮುಂದೆ ನಿಂತವರು ಗೋಲನ್ನು ಹೊಡೆಯುವವರು. ನಡುವೆ ನಿಂತವನ ಕೆಲಸ ಹಿಂದಿನವರಿಂದ ಚೆಂಡನ್ನು ಪಡೆದು ಮುಂದಿನವರಿಗೆ ಒಪ್ಪಿಸುವುದು. ಕೀರ್ತಿ ಬಹುಮಟ್ಟಿಗೆ ಮುಂದಿನವರದು, ಅಪಕೀರ್ತಿ ಹಿಂದಿನವರದು. ನಡುವಿನವನಿಗೆ ಉಳಿಯುವುದು ಓಟದ ಶ್ರಮವೊಂದೇ. ಪಡೆದದ್ದನ್ನು ತನ್ನಲ್ಲಿ ಇಟ್ಟುಕೊಳ್ಳದಿರುವುದೇ ಅವನ ಧರ್ಮ.

ಜಮಾಲನು 1990ರಲ್ಲಿ ಡೆನ್ಮಾರ್ಕಿನಲ್ಲಿ, ಬಂಗಾಳಿ ತಂದೆತಾಯಿಗಳ ಮಗನಾಗಿ ಹುಟ್ಟಿದನು. ಬೆಳೆದದ್ದು ಅಲ್ಲಿ, ಕಲಿತದ್ದು ಅಲ್ಲಿ, ಆಟದ ಅಭ್ಯಾಸವಾದದ್ದೂ ಅಲ್ಲಿಯೇ. 2007ರಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ, ಪುಂಡರ ಗುಂಪುಗಳ ಕಲಹದ ನಡುವೆ ಸಿಕ್ಕಿ ಈತನ ದೇಹಕ್ಕೆ ನಾಲ್ಕು ಗುಂಡುಗಳು ತಗುಲಿದವು. ಆ ಕಲಹಕ್ಕೂ ಈತನಿಗೂ ಯಾವ ಸಂಬಂಧವೂ ಇರಲಿಲ್ಲ. ಪ್ರಜ್ಞೆಯಿಲ್ಲದೆ ಆಸ್ಪತ್ರೆ ಸೇರಿದವನನ್ನು ಅಲ್ಲಿಯ ವೈದ್ಯರು ಉಳಿಸಿದರು. ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಎದ್ದು ನಡೆಯಲು ಕಲಿತು, ನಡೆದವನು ಓಡಲು ಕಲಿತು, ಮತ್ತೆ ಚೆಂಡಿನ ಬಳಿಗೆ ಬಂದನು.

ಈ ಸಂಗತಿಯನ್ನು ಇಲ್ಲಿ ಹೇಳಿದ್ದು ಕರುಣೆ ಹುಟ್ಟಿಸಲೆಂದಲ್ಲ. ಋಣದ ಲೆಕ್ಕ ಇದರಿಂದ ಎಷ್ಟು ಜಟಿಲವಾಗುತ್ತದೆಂಬುದನ್ನು ತೋರಿಸಲೆಂದು. ಗುಂಡು ಹೊಡೆದದ್ದೂ ಹುಟ್ಟಿದ ನೆಲವೇ, ಪ್ರಾಣ ಉಳಿಸಿದ್ದೂ ಹುಟ್ಟಿದ ನೆಲವೇ. ತಂದೆತಾಯಿಗಳ ನೆಲ ಆಗ ಆತನಿಗೆ ಮಾಡಿದ್ದು ಏನೂ ಇಲ್ಲ. ಲೆಕ್ಕದ ಪುಸ್ತಕ ಹಿಡಿದು ಕುಳಿತವನು ಜಮಾಲನ ಋಣವೆಲ್ಲವೂ ಡೆನ್ಮಾರ್ಕಿಗೇ ಸಲ್ಲತಕ್ಕದ್ದೆಂದು ತೀರ್ಪು ಕೊಟ್ಟಾನು.

ಆದರೂ 2013ರಲ್ಲಿ ಆತನು ಕಠ್ಮಂಡುವಿನಲ್ಲಿ ನೇಪಾಳದ ಎದುರು ಬಾಂಗ್ಲಾದೇಶದ ಅಂಗಿ ತೊಟ್ಟು ನಿಂತನು. ಹೊರದೇಶದಲ್ಲಿ ಹುಟ್ಟಿ ಆ ದೇಶದ ಪರವಾಗಿ ಆಡಿದವರಲ್ಲಿ ಆತನೇ ಮೊದಲಿಗ. ಹಿಮದ ನಾಡಿನಲ್ಲಿ ಬೆಳೆದ ದೇಹಕ್ಕೆ ಢಾಕಾದ ಸೆಕೆ ಹೊಸದು, ಕ್ರೀಡಾಂಗಣ ಹೊಸದು. 2018ರ ವೇಳೆಗೆ ಆತನೇ ನಾಯಕನಾದನು. ಆ ವರ್ಷದ ಏಷ್ಯನ್ ಕ್ರೀಡಾಕೂಟದಲ್ಲಿ, ಆಟ ಮುಗಿಯಲು ಕ್ಷಣಗಳಿರುವಾಗ ಕತಾರದ ಎದುರು ಆತನು ಹೊಡೆದ ಒಂದೇ ಒಂದು ಗೋಲಿನಿಂದ ಬಾಂಗ್ಲಾದೇಶವು ಮೊದಲ ಬಾರಿಗೆ ಆ ಕೂಟದ ಎರಡನೆಯ ಘಟ್ಟವನ್ನು ಮುಟ್ಟಿತು. 2019ರ ಅಕ್ಟೋಬರಿನಲ್ಲಿ ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ, ಅರುವತ್ತು ಸಾವಿರಕ್ಕೆ ಮೇಲ್ಪಟ್ಟ ಪ್ರೇಕ್ಷಕರ ಮುಂದೆ, ಆತನು ಒದೆದುಕೊಟ್ಟ ಚೆಂಡನ್ನು ಸಾದ್ ಉದ್ದೀನನು ತಲೆಯಿಂದ ಗೋಲಿಗೆ ತಳ್ಳಿದನು. ಭಾರತವು ಸೋಲನ್ನು ತಪ್ಪಿಸಿಕೊಳ್ಳಲು 88ನೆಯ ನಿಮಿಷದವರೆಗೆ ಕಾಯಬೇಕಾಯಿತು. 2023ರಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ದಕ್ಷಿಣ ಏಷ್ಯದ ಪಂದ್ಯಾವಳಿಯಲ್ಲಿ ಈತನ ತಂಡವು, 2009ರ ತರುವಾಯ ಮೊದಲ ಸಲ, ಉಪಾಂತ್ಯಕ್ಕೆ ಏರಿ ಕುವೈತಿಗೆ ಒಂದು ಗೋಲಿನಿಂದ ಸೋತಿತು. ಸೋಲುಗಳು ಹೆಚ್ಚು, ಗೆಲುವುಗಳು ವಿರಳ. ಆದರೂ ಆತನು ಬಿಟ್ಟುಹೋಗಲಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಹುಟ್ಟುತ್ತವೆ. ಡೆನ್ಮಾರ್ಕಿನ ಅನ್ನ ಉಂಡು ಬಾಂಗ್ಲಾದೇಶಕ್ಕೆ ಆಡುವುದು ಕೃತಘ್ನತೆಯಲ್ಲವೇ ಎಂಬುದು ಮೊದಲನೆಯದು. ಹೀಗೆ ಕೇಳುವವರ ಮನಸ್ಸಿನಲ್ಲಿ ಕರ್ಣನ ಕಥೆ ಇದ್ದೀತು. ಹೆತ್ತ ತಾಯಿ ಬಂದು ಕರೆದರೂ ಅವನು ಉಂಡ ಮನೆಯನ್ನು ಬಿಡಲಿಲ್ಲ. ಸಾಕಿದ ರಾಧೆಯನ್ನು ಮರೆಯಲಿಲ್ಲ. ಅದು ಹಿರಿಮೆ, ಸಂದೇಹವಿಲ್ಲ. ಆದರೆ ಕರ್ಣನ ದುಃಖಕ್ಕೆ ಮೂಲವಾದದ್ದು ಎರಡು ಋಣಗಳಿದ್ದವೆಂಬುದಲ್ಲ. ಸಾಲ ಕೊಟ್ಟ ಇಬ್ಬರೂ ಯುದ್ಧಕ್ಕೆ ನಿಂತಿದ್ದರೆಂಬುದು. ಶ್ರೀಕೃಷ್ಣನಿಗೂ ಇಬ್ಬರು ತಾಯಂದಿರು. ದೇವಕಿಯ ಮಗನೆನ್ನಿಸಿಕೊಳ್ಳಲು ಅವನು ಯಶೋದೆಯನ್ನು ಅಲ್ಲಗಳೆಯಬೇಕಾಗಲಿಲ್ಲ. ಋಣಗಳು ಸ್ವಭಾವತಃ ಪರಸ್ಪರ ವಿರೋಧಿಗಳಲ್ಲ. ಕೊಟ್ಟವರ ಜಗಳವೇ ಅವುಗಳನ್ನು ವಿರೋಧಿಗಳನ್ನಾಗಿ ಮಾಡುತ್ತದೆ. ಡೆನ್ಮಾರ್ಕಿಗೂ ಬಾಂಗ್ಲಾದೇಶಕ್ಕೂ ಜಗಳವಿಲ್ಲವಾದುದರಿಂದ ಜಮಾಲನು ಕರ್ಣನಾಗಬೇಕಾದ ಪ್ರಸಂಗವೇ ಇಲ್ಲ. ಇದನ್ನು ನೋಡುವಾಗ, ಹೊರನಾಡಿನಲ್ಲಿ ಹುಟ್ಟಿದವನು ಆ ನಾಡಿನ ಪೌರತ್ವವನ್ನು ತ್ಯಜಿಸದ ಹೊರತು ಭಾರತದ ಪರವಾಗಿ ಆಡಲಾಗದೆಂಬ ಭಾರತದ ನಿಯಮವನ್ನೂ ವಿಚಾರವಂತರು ಪರ್ಯಾಲೋಚಿಸಬೇಕು. ರಾಜ್ಯಕ್ಕೆ ಅಂಥ ನಿಯಮ ಬೇಕಾಗಿದ್ದೀತು. ಆದರೆ ಒಬ್ಬ ತಾಯಿಯನ್ನು ಬಿಟ್ಟು ಬಂದರೆ ಮಾತ್ರ ಇನ್ನೊಬ್ಬಳು ತಾಯಿ ಎಂಬುದು ರಾಜನೀತಿಯೇ ಹೊರತು ಧರ್ಮವಲ್ಲ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದದ್ದು. ಹುಟ್ಟಿದ ನಾಡಿನ ತಂಡದಲ್ಲಿ ಸ್ಥಾನ ದೊರೆಯದವನಿಗೆ ಪಿತೃಭೂಮಿಯ ನೆನಪಾಗುವುದು ಸಹಜವಲ್ಲವೇ? ಹಣಕ್ಕಾಗಿ ಢಾಕಾದ ಕ್ಲಬ್ಬುಗಳಲ್ಲಿ, ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗಿನಲ್ಲಿ, ದೂರದ ಅರ್ಜೆಂಟೀನಾದ ಸೋಲ್ ದೆ ಮಾಯೋ ತಂಡದಲ್ಲಿ ಆಡಿದವನ ನಡತೆಗೆ ಋಣ, ಭಕ್ತಿ ಎಂಬ ಶಬ್ದಗಳು ಸಲ್ಲುವುವೇ? ಇನ್ನೊಬ್ಬನ ಅಂತರಂಗವನ್ನು ಬಲ್ಲವರು ಯಾರೂ ಇಲ್ಲ. ಆದುದರಿಂದ ಉದ್ದೇಶವನ್ನು ಊಹಿಸಿ ತೀರ್ಪು ಕೊಡುವುದು ನ್ಯಾಯವಲ್ಲ. ಇಷ್ಟನ್ನು ಮಾತ್ರ ಹೇಳಬಹುದು. ವೇತನ ಪಡೆದು ಪಾಠ ಹೇಳುವ ಉಪಾಧ್ಯಾಯನಲ್ಲಿ ವಿದ್ಯಾಭಕ್ತಿಯಿಲ್ಲವೆಂದು ಯಾರೂ ಹೇಳರು. ದಕ್ಷಿಣೆ ಪಡೆದ ಪುರೋಹಿತನ ಮಂತ್ರ ಸುಳ್ಳಾಗುವುದಿಲ್ಲ. ಲಾಭವೂ ಧರ್ಮವೂ ಒಂದೇ ದಾರಿಯಲ್ಲಿ ಬರುವುದುಂಟು. ಅವುಗಳಲ್ಲಿ ಯಾವುದು ಯಜಮಾನ, ಯಾವುದು ಆಳು ಎಂಬುದು ತಿಳಿಯುವುದು ದಾರಿ ಕವಲೊಡೆದಾಗ.

ಜಮಾಲನ ಬಾಳಿನಲ್ಲಿ ಆ ಕವಲು 2025ರಲ್ಲಿ ಬಂದಿತು. ಇಂಗ್ಲೆಂಡಿನಲ್ಲಿ ಹುಟ್ಟಿ, ಲೆಸ್ಟರ್ ತಂಡದಲ್ಲಿ ಬೆಳೆದು, ಆ ನಾಡಿನ ಅತ್ಯುನ್ನತ ಶ್ರೇಣಿಯಲ್ಲಿ ಆಡಿದ ಹಮ್ಜಾ ಚೌಧುರಿ ತಾಯಿಯ ನಾಡಿಗಾಗಿ ಆಡಲು ಒಪ್ಪಿ ಬಂದನು. ಅವನೂ ಮಧ್ಯಭಾಗದ ಆಟಗಾರನೇ. ಕೀರ್ತಿಯಲ್ಲಿ ಬಹಳ ದೊಡ್ಡವನು. ಮಾರ್ಚ್ 25ರಂದು ಶಿಲ್ಲಾಂಗಿನಲ್ಲಿ ಭಾರತದ ಎದುರು ಅವನು ಮೊದಲ ಸಲ ಆಡಿದ ಪಂದ್ಯದಲ್ಲಿ, ಕಣಕ್ಕಿಳಿದ ಮೊದಲ ಹನ್ನೊಂದು ಮಂದಿಯಲ್ಲಿ ಜಮಾಲನ ಹೆಸರಿರಲಿಲ್ಲ. ಹನ್ನೆರಡು ವರ್ಷ ಹಿಂದೆ ಯಾರೂ ಇಲ್ಲದಿದ್ದಾಗ ಬಾಗಿಲು ತೆರೆದವನು, ಆ ಬಾಗಿಲಿನಿಂದ ಬಂದವನಿಗೆ ಸ್ಥಳ ಬಿಟ್ಟು ಬದಿಯಲ್ಲಿ ಕುಳಿತನು. ಕೊಟ್ಟದ್ದಕ್ಕೆ ಪ್ರತಿಫಲ ಬಯಸುವವನಿಗೆ ಇದು ಕಹಿಯಾಗಿ ತೋರಬೇಕಾದ ದಿನ.

ಜೂನ್ 4ರಂದು ಢಾಕಾದಲ್ಲಿ ಭೂತಾನದೊಡನೆ ಸೌಹಾರ್ದದ ಪಂದ್ಯ ನಡೆಯಿತು. ತಾಯ್ನಾಡಿನ ಜನರ ಮುಂದೆ ಹಮ್ಜಾ ಆಡಿದ ಮೊದಲ ಪಂದ್ಯ ಅದು. ಆಟ ಆರಂಭವಾಗಿ ಆರು ನಿಮಿಷವಾಗಿತ್ತು. ಅಂಗಣದ ಮೂಲೆಯಿಂದ ಚೆಂಡನ್ನು ಒದೆದವನು ಜಮಾಲ್. ಅದನ್ನು ತಲೆಯಿಂದ ಗೋಲಿಗೆ ಸೇರಿಸಿದವನು ಹಮ್ಜಾ. ಬಾಂಗ್ಲಾದೇಶಕ್ಕೆ ಹಮ್ಜಾ ಗಳಿಸಿದ ಮೊದಲ ಗೋಲು ಇದೇ. ಜನಸ್ತೋಮ ಕೂಗಿದ್ದು ಹಮ್ಜಾನ ಹೆಸರನ್ನು. ಮೂಲೆಯಲ್ಲಿ ನಿಂತವನು ತನ್ನ ಕೆಲಸ ಮುಗಿಸಿದ್ದನು.

ಮೊದಲು ಹೇಳಿದ ಮೂರು ಋಣಗಳ ಮಾತಿಗೆ ಈಗ ಹಿಂದಿರುಗಬಹುದು. ಅವುಗಳಲ್ಲೊಂದು ವಿಶೇಷವಿದೆ. ಪಿತೃಋಣವು ತಂದೆಗೆ ಹಿಂದಕ್ಕೆ ಕೊಡುವುದರಿಂದ ತೀರುವುದಿಲ್ಲ, ಮಕ್ಕಳನ್ನು ಪಡೆದು ಬೆಳೆಸುವುದರಿಂದ ತೀರುತ್ತದೆ. ಋಷಿಗಳಿಗೆ ಯಾರೂ ಜ್ಞಾನವನ್ನು ಹಿಂದಿರುಗಿಸಲಾರರು. ಕಲಿತದ್ದು ಶಿಷ್ಯರಿಗೆ ಸಂದಾಗ ಮಾತ್ರ ಅವರು ತೃಪ್ತರು. ಸಾಲಗಾರನ ಮುಖ ಹಿಂದಕ್ಕೆ. ಋಣಿಯ ಮುಖ ಮುಂದಕ್ಕೆ. ಡೆನ್ಮಾರ್ಕಿನ ವೈದ್ಯರು ಉಳಿಸಿದ ಪ್ರಾಣವನ್ನು ಆ ವೈದ್ಯರಿಗೇ ಹಿಂದಿರುಗಿಸುವುದು ಶಕ್ಯವಲ್ಲ. ಆ ಪ್ರಾಣವನ್ನು ಎಲ್ಲಿ ಕೊರತೆಯಿದೆಯೋ ಅಲ್ಲಿ ವೆಚ್ಚಮಾಡಿದರೆ, ಉಳಿಸಿದವರ ಶ್ರಮ ಸಾರ್ಥಕವಾಗುತ್ತದೆ; ಆಗ ಡೆನ್ಮಾರ್ಕಿನ ಋಣವೂ ಢಾಕಾದಲ್ಲೇ ತೀರುತ್ತದೆ. ಯಾವ ನೆಲಕ್ಕೆ ಸಲ್ಲತಕ್ಕವನೆಂಬ ಪ್ರಶ್ನೆಗಿಂತ, ಪಡೆದದ್ದು ಯಾರ ಕೈಗೆ ಮುಟ್ಟಿತೆಂಬ ಪ್ರಶ್ನೆ ಹಿರಿದು.

ಹಿಂದಿನವರಿಂದ ಪಡೆದದ್ದನ್ನು ಮುಂದಿನವರಿಗೆ ಒಪ್ಪಿಸಿ, ಕೂಗು ಇನ್ನೊಬ್ಬನ ಹೆಸರಿನಲ್ಲಿ ಎದ್ದಾಗಲೂ ಮನಸ್ಸು ಕದಡದೆ ನಿಲ್ಲುವುದು ಕಷ್ಟ. ಅದಕ್ಕೆ ಪಾಂಡಿತ್ಯ ಸಾಲದು, ಅಭ್ಯಾಸ ಬೇಕು. ಆ ಅಭ್ಯಾಸವನ್ನು ಕೆಲವರು ಶಾಸ್ತ್ರದಿಂದ ಪಡೆಯುತ್ತಾರೆ. ಕೆಲವರು ಬಯಲಿನಲ್ಲಿ, ಒಂದು ಚೆಂಡಿನ ಹಿಂದೆ ಓಡಿ ಪಡೆಯುತ್ತಾರೆ.