ಇನ್ನೊಬ್ಬರ ಉಸಿರಿನ ಲೆಕ್ಕ

ಕರ್ನಾಟಕ ಸಂಗೀತದ ಯಾವುದೇ ಪಾಠಪುಸ್ತಕ ತೆರೆಯಿರಿ, ಸ್ವರಗಳ ನಡುವೆ ಅಲ್ಲಲ್ಲಿ ಒಂದು ಅಲ್ಪವಿರಾಮ ಕಾಣುತ್ತದೆ. ಹಿಂದಿನ ಸ್ವರವನ್ನು ಇನ್ನೊಂದು ಅಕ್ಷರಕಾಲ ಎಳೆ, ಬಿಡಬೇಡ ಎಂಬ ಸೂಚನೆ ಅದು. ಎರಡು ಅಕ್ಷರಕಾಲ ಎಳೆಯಬೇಕಾದರೆ ಅರ್ಧವಿರಾಮ ಹಾಕುತ್ತಾರೆ. ಪಾಶ್ಚಾತ್ಯ ಸಂಗೀತದ ಐದು ಗೆರೆಗಳ ಹಾಳೆಯಲ್ಲೂ ಇದೇ ಚಿಹ್ನೆ ಗೆರೆಗಳ ನೆತ್ತಿಯ ಮೇಲೆ ಕೂತಿರುತ್ತದೆ, ಅದರಲ್ಲೂ ಊದುವ ವಾದ್ಯಗಳಿಗೆ ಬರೆದ ಹಾಳೆಗಳಲ್ಲಿ. ಅಲ್ಲಿ ಅದು ಹೇಳುವುದು ತದ್ವಿರುದ್ಧ: ಸ್ವರ ಬಿಡು, ಉಸಿರು ತೆಗೆದುಕೋ. ಗುರುತು ಒಂದೇ. ಒಂದು ಸಂಪ್ರದಾಯದಲ್ಲಿ ಅದು ಹಿಡಿ ಎನ್ನುತ್ತದೆ, ಇನ್ನೊಂದರಲ್ಲಿ ಬಿಡು ಎನ್ನುತ್ತದೆ. ಊದುವ ವಾದ್ಯಗಳಿಗೆ ಸಂಗೀತ ಬರೆಯುವವರ ನಿತ್ಯದ ಕೆಲಸವೆಲ್ಲ ಈ ಹಿಡಿ ಮತ್ತು ಬಿಡುಗಳ ನಡುವೆಯೇ ನಡೆಯುತ್ತದೆ.

ಸಂಯೋಜಕ ಎಂದರೆ ರಾಗ ಹೊಳೆಯುವುದನ್ನೇ ಕಾಯುತ್ತ ಕಿಟಕಿಯ ಬಳಿ ಕೂತವನು ಎಂದು ಹೊರಗಿನವರು ಅಂದುಕೊಂಡಿರುತ್ತಾರೆ. ನಾನಿರುವ ಬಿಡದಿಯಲ್ಲಿ ಕಿಟಕಿ ತೆಗೆದರೆ ಹೆದ್ದಾರಿಯ ಲಾರಿ, ಮೈಸೂರಿನ ಕಡೆ ಹೋಗುವ ರೈಲಿನ ಕೂಗು, ಕೈಗಾರಿಕಾ ಪ್ರದೇಶದ ಬಸ್ಸುಗಳ ಹಾರನ್ನು. ಅದಿರಲಿ, ಹೊಳೆಯುವುದಕ್ಕೆ ದಿನದಲ್ಲಿ ಸಿಗುವುದು ಸ್ವಲ್ಪವೇ ಹೊತ್ತು. ಮಿಕ್ಕದ್ದೆಲ್ಲ ಲೆಕ್ಕ, ಅದೂ ಇನ್ನೊಬ್ಬರ ಎದೆಗೂಡಿನ ಲೆಕ್ಕ.

ಕೊಳಲಿಗೆ ಊದಿದ ಗಾಳಿಯಲ್ಲಿ ಒಂದು ಪಾಲು ರಂಧ್ರದ ಅಂಚಿಗೆ ತಾಗಿ ಹೊರಗೇ ಹೋಗಿಬಿಡುತ್ತದೆ. ಹಾಗಾಗಿ ಕೊಳಲಿನವರಿಗೆ ಉಸಿರು ಬೇಗ ಮುಗಿಯುತ್ತದೆ. ಕೆಳಸ್ಥಾಯಿಯಲ್ಲಿ ಗಟ್ಟಿಯಾಗಿ ನುಡಿಸು ಎಂದರಂತೂ ಇನ್ನೂ ಬೇಗ. ಓಬೋ ಎಂಬ ವಾದ್ಯದ ಕಷ್ಟ ಇದಕ್ಕೆ ಉಲ್ಟಾ. ಅದರ ಬಾಯಲ್ಲಿರುವ ಎರಡು ಎಸಳಿನ ಪೀಪಿಯ ಸಂದು ಕೂದಲಷ್ಟು ಕಿರಿದು. ಒತ್ತಡ ಬಹಳ ಬೇಕು, ಗಾಳಿ ಬೇಕಾಗುವುದು ಮಾತ್ರ ಅತಿ ಕಡಿಮೆ. ಓಬೋ ನುಡಿಸುವವರು ಒದ್ದಾಡುವುದು ಉಸಿರು ಸಾಲದೆ ಅಲ್ಲ, ಉಳಿದು. ಎದೆಯಲ್ಲಿ ಹಳಸಿದ ಗಾಳಿ ತುಂಬಿಕೊಂಡಿರುತ್ತದೆ. ಅವರು ಮೊದಲು ರೇಚಕ ಮಾಡಿ, ಆಮೇಲೆ ಪೂರಕ ಮಾಡಬೇಕು. ಕೊಳಲು, ಓಬೋ ಎರಡಕ್ಕೂ ಒಂದೇ ಅಳತೆಯ ವಿರಾಮ ಬರೆದರೆ ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ನುಡಿಸುವಾಗ ಒಬ್ಬರಿಗೆ ಸಾಕಾಗುವ ಬಿಡುವು ಇನ್ನೊಬ್ಬರಿಗೆ ಅರೆಬರೆ. ಇನ್ನು ಕ್ಲಾರಿನೆಟ್ಟಿನ ಕಥೆಯೇ ಬೇರೆ. ಸಾಮಾನ್ಯವಾಗಿ ಬಳಸುವ ಬಿ ಫ್ಲ್ಯಾಟ್ ಕ್ಲಾರಿನೆಟ್ಟಿಗೆ ಒಂದು ಸ್ವರ ಬರೆದರೆ ಕಿವಿಗೆ ಬೀಳುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಬರೆಯುವವನು ಕೇಳಬೇಕಾದದ್ದನ್ನು ಬರೆಯದೆ, ಬೆರಳು ಮಾಡಬೇಕಾದದ್ದನ್ನು ಬರೆಯುತ್ತಾನೆ.

ಈಗ ಈ ಲೆಕ್ಕವೆಲ್ಲ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಸ್ವರ ಬರೆದು ಒಂದು ಗುಂಡಿ ಒತ್ತಿದರೆ ಯಂತ್ರವೇ ನುಡಿಸಿ ತೋರಿಸುತ್ತದೆ. ಅದರ ಕೊಳಲಿಗೆ ಶ್ವಾಸಕೋಶವಿಲ್ಲ. ಎಷ್ಟುದ್ದದ ಸಾಲು ಬರೆದರೂ ಕೊನೆಯ ಸ್ವರ ಮೊದಲನೆಯದರಷ್ಟೇ ಕೊಬ್ಬಿಕೊಂಡಿರುತ್ತದೆ. ಕೇಳುವಾಗ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಬರೆದ ಮೇಲೆ ನಾನು ಗುಂಡಿ ಒತ್ತುವ ಮೊದಲು ತುಟಿ ಮಡಿಸಿ, ಗಾಳಿ ಬಿಡುತ್ತ, ಬೆರಳಲ್ಲಿ ತಾಳ ಹಾಕಿ ಸಾಲಿನ ತುದಿಯವರೆಗೆ ಹೋಗಿ ನೋಡುತ್ತೇನೆ. ಎಲ್ಲಿ ಕುತ್ತಿಗೆಯ ನರ ಬಿಗಿಯುತ್ತದೋ ಅಲ್ಲಿ ಆ ಸಾಲು ಮುಗಿಯಲೇಬೇಕು, ಎಷ್ಟೇ ಚೆಲುವಾಗಿದ್ದರೂ.

ಹಾಡಿಗೆ ಬರೆಯುವವರಿಗೆ ಒಂದು ಆಸರೆ ಇದೆ, ಮಾತು. ಚನ್ನಪಟ್ಟಣದ ಹತ್ತಿರದ ದೊಡ್ಡಮಳೂರಿನಲ್ಲಿ ಅಂಬೆಗಾಲಿಕ್ಕುವ ನವನೀತಕೃಷ್ಣನ ಗುಡಿಯಿದೆ. ‘ಜಗದೋದ್ಧಾರನ’ ಪದವನ್ನು ಪುರಂದರದಾಸರು ಈ ಮೂರ್ತಿಯನ್ನು ನೋಡಿಯೇ ಹಾಡಿದರೆಂದು ಊರಿನ ನಂಬಿಕೆ. ಇಲ್ಲಿನ ಕೃಷ್ಣನ ಕೈಯಲ್ಲಿರುವುದು ಬೆಣ್ಣೆ, ಕೊಳಲಲ್ಲ. ದಾಸರ ಪದಗಳ ಮಾತು ಬಾಯಿಂದ ಬಾಯಿಗೆ ದಾಟಿ ಉಳಿಯಿತು. ಅವರು ಹಾಡಿದ ಧಾಟಿಗಳು ಬಹುಪಾಲು ಉಳಿಯಲಿಲ್ಲ. ಆದರೂ ಹಾಡುವವರು ತಪ್ಪುವುದಿಲ್ಲ, ಏಕೆಂದರೆ ಎಲ್ಲಿ ಉಸಿರು ತೆಗೆಯಬೇಕೆಂದು ಮಾತೇ ಹೇಳಿಕೊಡುತ್ತದೆ. ಪದವನ್ನು ನಡುವೆ ಒಡೆದರೆ ಅರ್ಥ ಕೆಡುತ್ತದೆ. ಕೊಳಲಲ್ಲಿ ಕೀರ್ತನೆ ನುಡಿಸುವವರು ಕೂಡ ಸಾಹಿತ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡೇ ಊದಬೇಕೆಂದು ಗುರುಗಳು ಪಾಠ ಹೇಳುವುದು ಇದಕ್ಕೇ. ಮಾತೇ ಇಲ್ಲದ ಸಂಗೀತ ಬರೆಯಲು ಹೊರಟಾಗ ಈ ದಾರಿದೀಪವೂ ಇಲ್ಲ. ಆಗ ಎಲ್ಲಿ ನಿಲ್ಲಬೇಕೆಂಬುದನ್ನು ಸಂಗೀತವೇ ತೀರ್ಮಾನಿಸಬೇಕು, ಅಥವಾ ನುಡಿಸುವವರ ದೇಹ.

ಯುರೋಪಿನಲ್ಲಿ ಐದು ಊದುವ ವಾದ್ಯಗಳ ಚೇಂಬರ್ ಮೇಳ ಗಟ್ಟಿಯಾಗಿ ನೆಲೆನಿಂತದ್ದು 19ನೇ ಶತಮಾನದ ಆರಂಭದಲ್ಲಿ. ಪ್ಯಾರಿಸ್ಸಿನಲ್ಲಿ ಆಂಟನ್ ರೈಖಾ ಒಬ್ಬರೇ ಇಂಥ 24 ಕೃತಿಗಳನ್ನು ಬರೆದರು. ಕೊಳಲು, ಓಬೋ, ಕ್ಲಾರಿನೆಟ್, ಬಸೂನ್, ಜೊತೆಗೆ ಹಿತ್ತಾಳೆಯ ಹಾರ್ನ್. ಒಬ್ಬೊಬ್ಬರಿಗೆ ಒಂದೊಂದೇ ಪಾಲು, ಕೋಲು ಹಿಡಿದು ಮುಂದೆ ನಿಲ್ಲುವ ಕಂಡಕ್ಟರ್ ಇಲ್ಲ. ಹಾಗಾದರೆ ಐವರೂ ಒಟ್ಟಿಗೆ ಶುರು ಮಾಡುವುದು ಹೇಗೆ? ಒಬ್ಬರು ಎಲ್ಲರಿಗೂ ಕೇಳುವಂತೆ ಮೂಗಿನಿಂದ ಉಸಿರೆಳೆಯುತ್ತಾರೆ. ಆ ಎಳೆತ ಎಷ್ಟು ಚುರುಕೋ ಸಂಗೀತದ ಕಾಲವೂ ಅಷ್ಟು ಚುರುಕು. ಅದು ಎಷ್ಟು ಮೃದುವೋ ಮೊದಲ ಸ್ವರವೂ ಅಷ್ಟೇ ಮೃದು. ಬರೆದವನ ಹಾಳೆಯಲ್ಲಿ ಇದಕ್ಕೆ ಗುರುತಿಲ್ಲ. ಕೃತಿಯ ಮೊದಲ ಸ್ವರಕ್ಕೂ ಮೊದಲು ಕೃತಿ ಶುರುವಾಗಿರುತ್ತದೆ, ಅದೂ ಬರೆದವನಿಂದಲ್ಲ.

1921ರಲ್ಲಿ ಡೆನ್ಮಾರ್ಕಿನ ಸಂಯೋಜಕ ಕಾರ್ಲ್ ನೀಲ್ಸನ್ ಒಬ್ಬ ಪಿಯಾನೋ ವಾದಕ ಗೆಳೆಯನಿಗೆ ಫೋನು ಮಾಡಿದಾಗ, ಆ ಕಡೆ ಊದುವ ವಾದ್ಯಗಳ ಬಳಗವೊಂದು ಮೊಝಾರ್ಟನ ಕೃತಿಯನ್ನು ಅಭ್ಯಾಸ ಮಾಡುತ್ತಿತ್ತು. ಅದು ಕೋಪನ್‌ಹೇಗನ್ ವಿಂಡ್ ಕ್ವಿಂಟೆಟ್. ಫೋನಿನಲ್ಲಿ ಕೇಳಿದ್ದೇ ನೆಪವಾಗಿ, ಮರುವರ್ಷ ನೀಲ್ಸನ್ ಆ ಬಳಗಕ್ಕಾಗಿಯೇ ಒಂದು ಕ್ವಿಂಟೆಟ್ ಬರೆದರು. ಆ ಐವರ ಸ್ವಭಾವ ತಿಳಿದುಕೊಂಡು ಬರೆದ ಕೃತಿ ಅದು. ಕೊನೆಯ ಭಾಗದ ವೇರಿಯೇಷನ್‌ಗಳಲ್ಲಿ ವಾದ್ಯಗಳು ಒಮ್ಮೆ ಜಗಳಕ್ಕೆ ನಿಂತಂತೆ, ಒಮ್ಮೆ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಂಡಂತೆ ಕೇಳುತ್ತವೆ. ಆಮೇಲೆ ಐವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕನ್ಸರ್ಟೋ ಬರೆಯುವ ಯೋಚನೆ ಮಾಡಿದರು. 1926ರಲ್ಲಿ ಕೊಳಲಿನದು, 1928ರಲ್ಲಿ ಕ್ಲಾರಿನೆಟ್ಟಿನದು ಮುಗಿಯಿತು. 1931ರಲ್ಲಿ ಅವರು ತೀರಿಕೊಂಡರು. ಮೂವರ ಪಾಲು ಬಾಕಿ ಉಳಿಯಿತು. ಅವರು ಬರೆದದ್ದು ವಾದ್ಯಕ್ಕಲ್ಲ, ಇಂಥವರಿಗೆ ಎಂದು. ನಮ್ಮಲ್ಲೂ ಮೈಸೂರು ಅರಮನೆಯಲ್ಲಿ ವೀಣೆ ವೆಂಕಟಗಿರಿಯಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಅರಮನೆಯ ವಾದ್ಯಮೇಳಕ್ಕೆ ನಗ್ಮಾ ಎಂಬ ವಾದ್ಯಕೃತಿಗಳನ್ನು ರಚಿಸಿದಾಗ, ಎದುರಿಗಿದ್ದದ್ದು ದಿನಾ ನೋಡುತ್ತಿದ್ದ ಮುಖಗಳೇ.

ಆದರೆ ರಾಮನಗರದ ಸೀಮೆಯಲ್ಲಿ ಊದುವ ವಾದ್ಯದ ನಿಜವಾದ ಚೇಂಬರ್ ಸಂಗೀತ ಯಾವುದೆಂದರೆ ಓಲಗ. ನಾಗಸ್ವರ, ಡೋಲು, ತಾಳ, ಒತ್ತು ಸೇರಿ ನಾಲ್ಕೈದು ಜನ. ಕಾಗದವಿಲ್ಲ, ಸಂಯೋಜಕನೂ ಇಲ್ಲ. ಮದುವೆಯ ಛತ್ರದಲ್ಲಿ ಧಾರೆಗೆ ಮುಂಚೆ ನಾಗಸ್ವರದವರು ನಿಧಾನವಾಗಿ ರಾಗ ಬಿಡಿಸುತ್ತಿರುತ್ತಾರೆ. ಅಷ್ಟರಲ್ಲಿ ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎನ್ನುತ್ತಾರೆ. ರಾಗ ಯಾವ ಸ್ವರದಲ್ಲಿತ್ತೋ, ಎದೆಯಲ್ಲಿ ಎಷ್ಟು ಗಾಳಿ ಉಳಿದಿತ್ತೋ ಯಾರೂ ಕೇಳುವುದಿಲ್ಲ. ಆ ಕ್ಷಣದಲ್ಲೇ ಡೋಲು, ನಾಗಸ್ವರ ಒಟ್ಟಿಗೆ ಸಿಡಿಯಬೇಕು. ಅಲ್ಲಿ ವಿರಾಮವನ್ನೂ ಆರಂಭವನ್ನೂ ಬರೆಯುವುದು ಮುಹೂರ್ತ. ಈಗೀಗ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಬಂದು ಕೂತಿರುವುದೂ ಉಂಟು. ನಾಗಸ್ವರದವರ ಮನೆಯಲ್ಲೇ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮನಸೋತು, ವರ್ಷಗಟ್ಟಲೆ ಅದನ್ನು ಗಮಕಕ್ಕೆ ಪಳಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೆ ಒಯ್ದರು. ವಾದ್ಯ ಬದಲಾದರೂ ಗಟ್ಟಿಮೇಳದ ಆಜ್ಞೆ ಬದಲಾಗಿಲ್ಲ.

ಈ ಓಲಗದಲ್ಲಿ ನನ್ನ ಕಣ್ಣು ಹೋಗುವುದು ಒತ್ತಿನವರ ಮೇಲೆ. ನೋಡಲು ನಾಗಸ್ವರದಂಥದೇ ವಾದ್ಯ, ಆದರೆ ಬೆರಳಾಡಿಸುವ ಕೆಲಸವಿಲ್ಲ. ಶ್ರುತಿಗೆ ತಕ್ಕಂತೆ ತೂತುಗಳನ್ನು ಮೇಣದಿಂದ ಮುಚ್ಚಿರುತ್ತಾರೆ. ಅವರು ಮಾಡಬೇಕಾದದ್ದು ಒಂದೇ, ಆ ಒಂದು ಸ್ವರ ಕಡಿಯದಂತೆ ನೋಡಿಕೊಳ್ಳುವುದು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಕೆನ್ನೆಯ ಬಲದಿಂದಲೇ ಅದನ್ನು ವಾದ್ಯಕ್ಕೆ ಒತ್ತುತ್ತ, ಅದೇ ಹೊತ್ತಿಗೆ ಮೂಗಿನಿಂದ ಹೊಸ ಗಾಳಿ ಎಳೆದುಕೊಳ್ಳುತ್ತಾರೆ. ಹತ್ತಿರದಿಂದ ನೋಡಿದರೆ ಕೆನ್ನೆ ಉಬ್ಬಿ ಇಳಿಯುವುದು ಕಾಣುತ್ತದೆ, ಸ್ವರದಲ್ಲಿ ಮಾತ್ರ ಅದರ ಸುಳಿವಿರುವುದಿಲ್ಲ. ಯಾರೂ ಅವರನ್ನು ಕೇಳಲು ಬಂದವರಲ್ಲ. ಅವರು ನಿಲ್ಲಿಸಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಇತ್ತೀಚೆಗೆ ಬಹಳ ಕಡೆ ಈ ಕೆಲಸಕ್ಕೆ ಶ್ರುತಿಪೆಟ್ಟಿಗೆ, ಅದಕ್ಕೂ ಮುಂದೆ ಹೋಗಿ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಿದೆ. ಅದು ತಪ್ಪುವುದಿಲ್ಲ, ದಣಿಯುವುದಿಲ್ಲ, ಊಟಕ್ಕೂ ಏಳುವುದಿಲ್ಲ.

ಉಸಿರೆಳೆಯಲು ನಿಲ್ಲಬೇಕಿಲ್ಲದ ವಾದ್ಯ ಇನ್ನೊಂದಿದೆ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಅಮಿತಾಭ್ ಬಚ್ಚನ್ ಪಾತ್ರ ಸಂಜೆ ಹೊತ್ತು ಮೌತ್ ಆರ್ಗನ್ ಊದುತ್ತದೆ. ಆರ್.ಡಿ. ಬರ್ಮನ್ ಸಂಗೀತದ ಆ ತುಣುಕನ್ನು ನುಡಿಸಿದವರು ಭಾನು ಗುಪ್ತಾ. ಆ ಪುಟ್ಟ ವಾದ್ಯದ ವಿಶೇಷವೆಂದರೆ ಗಾಳಿ ಊದಿದರೂ ಸ್ವರ, ಎಳೆದುಕೊಂಡರೂ ಸ್ವರ. ಉಸಿರು ತೆಗೆಯುವುದೂ ಅಲ್ಲಿ ಸಂಗೀತದೊಳಗೇ ಸೇರಿಹೋಗಿದೆ. ಕೊಳಲಿಗೋ ಓಬೋಗೋ ಆ ಭಾಗ್ಯವಿಲ್ಲ. ಅವು ಉಸಿರೆಳೆಯುವಾಗ ಸಾಮಾನ್ಯವಾಗಿ ಮೂಕವಾಗಬೇಕು. ಮೂಕವಾದ ಆ ಹೊತ್ತನ್ನು ಏನು ಮಾಡುವುದು ಎಂಬುದೇ ಬರೆಯುವವನ ಮುಂದಿರುವ ಪ್ರಶ್ನೆ.

ಕಸುಬು ಬಲ್ಲವರ ಉತ್ತರ ಸರಳ: ಐವರೂ ಒಟ್ಟಿಗೆ ಉಸಿರು ತೆಗೆಯದಂತೆ ಬರೆ. ಕೊಳಲು ಬಿಡುವಾಗ ಕ್ಲಾರಿನೆಟ್ ಹಿಡಿದಿರಲಿ. ಕ್ಲಾರಿನೆಟ್ ಬಿಡುವಷ್ಟರಲ್ಲಿ ಬಸೂನ್ ಕೆಳಗೆ ಒಂದು ಸ್ವರ ಎಳೆಯುತ್ತಿರಲಿ. ಹಾಳೆಯ ಮೇಲೆ ಇದನ್ನು ಹೊಂದಿಸುತ್ತ ಕೂತಾಗಲೇ ಆ ಎರಡು ಅಲ್ಪವಿರಾಮಗಳ ಜಗಳ ಬಗೆಹರಿಯುತ್ತದೆ. ಹಿಡಿ ಎನ್ನುವುದೂ ಬಿಡು ಎನ್ನುವುದೂ ಒಂದೇ ಗಳಿಗೆಯ ಎರಡು ಮುಖ. ಇಲ್ಲೊಬ್ಬರು ಬಿಡಬಹುದಾದದ್ದು ಅಲ್ಲೊಬ್ಬರು ಹಿಡಿದಿದ್ದಾರೆಂದೇ. ರಾಗ ಬಿಡಿಸುವವರು ನಡುವೆ ನಿಂತು, ಬೆವರೊರೆಸಿಕೊಂಡು, ಮತ್ತೆ ಹಿಡಿಯಬಹುದಾದದ್ದು ಪಕ್ಕದಲ್ಲಿ ಒತ್ತಿನವರು ಕೂತಿದ್ದಾರೆಂಬ ಧೈರ್ಯದ ಮೇಲೆ. ಬಿಡುವು ಎಂಬುದನ್ನು ನಾವು ಸ್ವಂತದ ಹಕ್ಕೆಂದೋ ಸ್ವಂತದ ದೌರ್ಬಲ್ಯವೆಂದೋ ಎಣಿಸುತ್ತೇವೆ. ನೋಡಿದರೆ ಅದು ಯಾವಾಗಲೂ ಇನ್ನೊಬ್ಬರು ಕೊಟ್ಟ ಸಾಲ.

ಈ ಏರ್ಪಾಡು ಬಿಡದಿಯವರಿಗೆ ಹೊಸದೇನಲ್ಲ. 1999ರಲ್ಲಿ ಇಲ್ಲಿ ಕಾರು ತಯಾರಿಕೆ ಶುರುವಾದಂದಿನಿಂದ ಪಾಳಿ ಎಂಬುದು ಊರಿನ ಗಡಿಯಾರವಾಗಿದೆ. ಒಂದು ಪಾಳಿ ಇಳಿಯುತ್ತದೆ, ಇನ್ನೊಂದು ಏರುತ್ತದೆ, ಕೆಲಸ ಮುಂದುವರಿಯುತ್ತದೆ. ಅಲ್ಲಿ ಕೈ ಬದಲಾದದ್ದು ತಯಾರಾದ ಕಾರಿನಲ್ಲಿ ಕಾಣಬಾರದು, ಕಂಡರೆ ಅದು ದೋಷ. ಸಂಗೀತ ಇಲ್ಲಿಗೆ ಬಂದು ದಾರಿ ಬದಲಿಸುತ್ತದೆ. ಎಲ್ಲರ ಉಸಿರನ್ನೂ ಜಾಣತನದಿಂದ ಮರೆಮಾಚಿ, ಎಲ್ಲೂ ಸಂದು ಕಾಣದಂತೆ ಬರೆದ ಕೃತಿ ಕೊನೆಗೆ ಯಂತ್ರ ನುಡಿಸಿದಂತೆಯೇ ಕೇಳುತ್ತದೆ. ಕೇಳುವವರಿಗೂ ಎದೆಗೂಡಿದೆ. ಸಾಲು ಉದ್ದವಾದಷ್ಟೂ ಅವರ ಉಸಿರೂ ಜೊತೆಯಲ್ಲೇ ಕಟ್ಟಿಕೊಳ್ಳುತ್ತದೆ. ಅವರಿಗೆ ಬಿಡಲು ಒಂದು ಜಾಗ ಬೇಕು. ಅದಕ್ಕೇ ಒಳ್ಳೆಯ ಕೃತಿಯಲ್ಲಿ ಎಲ್ಲೋ ಒಂದೆಡೆ ಐವರೂ ಒಟ್ಟಿಗೆ ನಿಲ್ಲುತ್ತಾರೆ. ಯಾರೂ ಯಾರಿಗೂ ಆಸರೆಯಾಗಿರುವುದಿಲ್ಲ. ಆ ಒಂದು ನಿಲುಗಡೆಯನ್ನು ಎಲ್ಲಿ ಇಡಬೇಕೆಂದು ಹುಡುಕುವುದರಲ್ಲೇ ಎಷ್ಟೋ ದಿನಗಳು ಹೋಗುತ್ತವೆ. ಬೇಗ ಇಟ್ಟರೆ ಅದು ಬರೀ ಖಾಲಿ ಜಾಗ, ತಡವಾದರೆ ದಣಿವು.

ರಾಮನಗರದ ಜಾನಪದ ಲೋಕದಲ್ಲಿ, ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿ ನಿಲ್ಲಿಸಿದ ಆ ಸಂಗ್ರಹದಲ್ಲಿ, ಜನಪದ ವಾದ್ಯಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಊದುವ ವಾದ್ಯವೊಂದನ್ನು ಹಾಗೆ ಸುಮ್ಮನೆ ಇಟ್ಟಿದ್ದು ಕಂಡರೆ ಸಂಗೀತ ಬರೆಯುವವನಿಗೆ ತನ್ನ ಹಾಳೆಯೇ ನೆನಪಾಗಬೇಕು. ಎರಡರಲ್ಲೂ ಎಲ್ಲ ಇದೆ, ಉಸಿರೊಂದನ್ನು ಬಿಟ್ಟು.

ಹಾಳೆಗಳು ವಾದಕರ ಕೈಸೇರಿದ ಮೇಲೆ ನಡೆಯುವುದನ್ನು ಬರೆದವನು ಸುಮ್ಮನೆ ನೋಡಬೇಕು. ಅವರು ಮೊದಲು ಮಾಡುವ ಕೆಲಸವೆಂದರೆ ಪೆನ್ಸಿಲ್ ತೆಗೆದು ತಮ್ಮ ತಮ್ಮ ಉಸಿರಿನ ಗುರುತು ಹಾಕಿಕೊಳ್ಳುವುದು. ಅಚ್ಚಾದ ಒಂದನ್ನು ಹೊಡೆದುಹಾಕುತ್ತಾರೆ, ಎರಡು ಸ್ವರ ಮುಂದೆ ಹೊಸದೊಂದು ಬರೆಯುತ್ತಾರೆ. ಅದೇ ಕೃತಿಯನ್ನು ಇನ್ನೊಂದು ಬಳಗ ಎತ್ತಿಕೊಂಡರೆ ಗುರುತುಗಳು ಬೇರೆ ಕಡೆ ಬೀಳುತ್ತವೆ. ಇದರಿಂದ ಕೃತಿ ಕೆಟ್ಟಿತೆಂದು ಕೊರಗುವವರಿಗೆ ಕಂಪ್ಯೂಟರಿನ ಗುಂಡಿ ಇದ್ದೇ ಇದೆ. ಅದು ಬರೆದದ್ದನ್ನು ಬರೆದಂತೆಯೇ ನುಡಿಸುತ್ತದೆ. ಆದರೆ ಉಸಿರೇ ಮುಗಿಯದ ವಾದಕನಿಗೆ ಬರೆಯುವಾಗ ಎಲ್ಲಿ ನಿಲ್ಲಿಸಬೇಕು, ಯಾರ ಕೈಗೆ ದಾಟಿಸಬೇಕು ಎಂಬ ಯೋಚನೆಯೇ ಬೇಕಾಗುವುದಿಲ್ಲ. ಆ ಯೋಚನೆ ಬೇಡವಾದ ಕಡೆ ಬರೆಯುವವನೂ ಬೇಡ.