ಇಷ್ಟು ವರ್ಷ ಏಕೆ ಹೇಳಲಿಲ್ಲ?

ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಇಪ್ಪತ್ತೈದು ವರ್ಷ ದುಡಿದ ಗೃಹಸ್ಥನೊಬ್ಬ, ಮಕ್ಕಳ ಕಾಲೇಜು ಮುಗಿಯುವ ಹೊತ್ತಿಗೆ ಮನೆಯವರನ್ನು ಕೂರಿಸಿಕೊಂಡು, "ನೀವು ತಿಳಿದಂತೆ ನಾನು ಗಂಡಸಲ್ಲ. ಚಿಕ್ಕಂದಿನಿಂದಲೂ ನಾನು ಹೆಣ್ಣೇ. ಇನ್ನು ಮುಂದೆ ಹಾಗೆಯೇ ಬಾಳಬೇಕೆಂದಿದ್ದೇನೆ" ಎಂದರೆ ಆ ಮನೆಯಲ್ಲಿ ಏನಾದೀತು? ಇಂಥ ಸುದ್ದಿಯನ್ನು ನಾವು ಬಹುಮಟ್ಟಿಗೆ ಎಳೆಯ ವಯಸ್ಸಿನವರ ವಿಷಯದಲ್ಲಿ ಕೇಳಿದ್ದೇವೆ. 2021ರಲ್ಲಿ ಪದ್ಮಶ್ರೀ ಪಡೆದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಕಷ್ಟ ಮೊದಲಾದದ್ದು ಹುಡುಗತನದಲ್ಲೇ. ಅಲ್ಲಿ ನಾವು ಕೇಳುವುದು ಹೆತ್ತವರು ಮಗುವನ್ನು ಹೇಗೆ ನಡೆಸಿಕೊಂಡರು ಎಂದು. ನಡುವಯಸ್ಸು ದಾಟಿದವರ ಮುಂದೆ ಪ್ರಶ್ನೆ ತಿರುಗಿ ನಿಲ್ಲುತ್ತದೆ: ಇವರು ಹೆಂಡತಿ ಮಕ್ಕಳನ್ನು ಹೇಗೆ ನಡೆಸಿಕೊಂಡಂತಾಯಿತು?

"ಇಷ್ಟು ವರ್ಷ ಏಕೆ ಹೇಳಲಿಲ್ಲ?" ಎಂಬುದೇ ಮೊದಲು ಬರುವ ಮಾತು. ಅದರ ಹೊಟ್ಟೆಯಲ್ಲಿ ಮೋಸದ ಆರೋಪವಿದೆ. ಆದರೆ ಹೇಳಲು ಪದವಾದರೂ ಎಲ್ಲಿತ್ತು? ಲಿಂಗತ್ವ ಅಲ್ಪಸಂಖ್ಯಾತರು ಎಂಬ ಮರ್ಯಾದೆಯ ಮಾತು ಕನ್ನಡಕ್ಕೆ ಬಂದದ್ದು ಈಚೆಗೆ. ಅದಕ್ಕೆ ಮುಂಚೆ ಬೀದಿಯಲ್ಲಿ ಕಿವಿಗೆ ಬೀಳುತ್ತಿದ್ದುದು ಹೆಚ್ಚಾಗಿ ಬೈಗುಳ. ತನ್ನನ್ನು ತಾನೇ ಬೈದುಕೊಳ್ಳದೆ ನಿಜ ಹೇಳಲಾಗದ ಮನುಷ್ಯ ಸುಮ್ಮನಿದ್ದರೆ ಅದನ್ನು ಸುಳ್ಳೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಅದರ ಮೇಲೆ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುವ ಹಿರಿಯರು. ಯಾವ ಕಾಯಿಲೆಗೂ ನಮ್ಮಲ್ಲಿ ಇದೇ ಔಷಧ ತಾನೆ! ಆ ಔಷಧದ ಖರ್ಚನ್ನು ತೆತ್ತವಳು ಮಾತ್ರ ಬೇರೆ ಮನೆಯ ಹೆಣ್ಣುಮಗಳು.

ಮಹಾಭಾರತದ ಉದ್ಯೋಗಪರ್ವದಲ್ಲಿ ಈ ಕಥೆ ಆಗಲೇ ಇದೆ. ದ್ರುಪದನ ಮಗಳು ಶಿಖಂಡಿನಿಯನ್ನು ತಂದೆತಾಯಿಗಳೇ ಗಂಡೆಂದು ಸಾರಿ ಬೆಳೆಸಿದರು. ದಶಾರ್ಣದ ಅರಸು ಹಿರಣ್ಯವರ್ಮನ ಮಗಳನ್ನು ತಂದು ಮದುವೆಯನ್ನೂ ಮಾಡಿದರು. ಗುಟ್ಟು ಹೊರಬಿದ್ದಾಗ ಬೀಗ ದಂಡೆತ್ತಿ ಬಂದ. ತನ್ನಿಂದಲೇ ಹೆತ್ತವರಿಗೆ ಈ ಗತಿ ಬಂತೆಂದು ಶಿಖಂಡಿನಿ ಸಾಯಲು ಕಾಡಿಗೆ ಹೋದಳು. ಅಲ್ಲಿ ಸ್ಥೂಣಾಕರ್ಣನೆಂಬ ಯಕ್ಷ ತನ್ನ ಗಂಡುತನವನ್ನು ಕೊಟ್ಟು ಕಾಪಾಡಿದ. ನಾವು ಶಿಖಂಡಿಯ ಹೆಸರನ್ನು ಬೈಗುಳ ಮಾಡಿಕೊಂಡೆವು. ಮಗುವಿನ ವಿಷಯ ತಿಳಿದೂ ಮದುವೆ ಮಾಡಿದ ದ್ರುಪದನನ್ನು ಯಾರೂ ಬೈದದ್ದು ಕಾಣೆ.

ನಮ್ಮ ಕಾಲದ ಬೇರೊಂದು ಬಾಳನ್ನು ನೋಡೋಣ. 1953ರಲ್ಲಿ ಎವರೆಸ್ಟ್ ಏರಿದ ತಂಡದ ಜೊತೆಗಿದ್ದು, ಆ ಸುದ್ದಿಯನ್ನು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಮುಟ್ಟಿಸಿದವರು ಜೇಮ್ಸ್ ಮಾರಿಸ್. 1949ರಲ್ಲಿ ಎಲಿಜಬೆತ್ ಎಂಬವರೊಡನೆ ಅವರ ಮದುವೆಯಾಗಿತ್ತು. ಐವರು ಮಕ್ಕಳು, ಒಂದು ಮಗು ಎಳವೆಯಲ್ಲೇ ತೀರಿಕೊಂಡಿತು. ತಾನು ಹೆಣ್ಣೆಂಬ ಅರಿವು ಮೂರು ನಾಲ್ಕು ವರ್ಷದವರಿದ್ದಾಗಲೇ ಅವರಿಗಿತ್ತಂತೆ. 1972ರಲ್ಲಿ, ನಲವತ್ತಾರರ ಸುಮಾರಿಗೆ, ಮೊರಾಕ್ಕೊ ದೇಶದ ಕಾಸಾಬ್ಲಾಂಕಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಜ್ಯಾನ್ ಮಾರಿಸ್ ಆದರು. ಇಬ್ಬರು ಹೆಂಗಸರು ದಂಪತಿಗಳಾಗಿರಲು ಅಂದಿನ ಬ್ರಿಟಿಷ್ ಕಾನೂನು ಒಪ್ಪದ ಕಾರಣ ವಿಚ್ಛೇದನವಾಯಿತು. ಆದರೂ ಇಬ್ಬರೂ ಬೇರೆಯಾಗಲಿಲ್ಲ, ವೇಲ್ಸಿನಲ್ಲಿ ಜೊತೆಗೇ ಇದ್ದರು. ಕಾನೂನು ಬದಲಾದ ಮೇಲೆ, 2008ರಲ್ಲಿ, ತಮ್ಮ ಸಂಬಂಧವನ್ನು ಮತ್ತೆ ನೋಂದಾಯಿಸಿಕೊಂಡರು. ಮಾರಿಸ್ ತೀರಿಕೊಂಡದ್ದು 2020ರಲ್ಲಿ.

ಈ ಕಥೆ ಕೇಳಿ ಮನಸ್ಸು ತುಂಬುತ್ತದೆ, ನಿಜ. ಆದರೆ ಇಲ್ಲಿ ಎರಡು ಮಾತು ಮರೆಯಬಾರದು. ಮಾರಿಸ್ ಬರೆದುಕೊಂಡಂತೆ ಎಲಿಜಬೆತ್‌ಗೆ ವಿಷಯ ಮೊದಲೇ ಗೊತ್ತಿತ್ತು. ಎಲ್ಲ ಹೆಂಡತಿಯರಿಗೆ ಆ ಭಾಗ್ಯವಿಲ್ಲ. ಎರಡನೆಯದು, ಮಾರಿಸ್ 1974ರಲ್ಲಿ ಪ್ರಕಟಿಸಿದ ಆತ್ಮಕಥನ ಒಂದು ಕಡೆಯ ದನಿ. ಎಲಿಜಬೆತ್ ತಮ್ಮ ಪುಸ್ತಕ ಬರೆಯಲಿಲ್ಲ. ಅವರನ್ನು ಇನ್ನೊಬ್ಬ ಸೀತೆಯಾಗಿ ಮಾಡಿ, "ನೋಡಮ್ಮ, ಅವಳು ಹೊಂದಿಕೊಂಡಳಲ್ಲ" ಎಂದು ನಮ್ಮ ಹೆಣ್ಣುಮಕ್ಕಳಿಗೆ ಉಪದೇಶಿಸುವುದು ಅನ್ಯಾಯ. ಗಂಡನೆಂದು ಕೈಹಿಡಿದವರು ಗಂಡನಾಗಿ ಉಳಿಯದಿದ್ದಾಗ ಆಕೆಗೆ ಆಗುವ ದುಃಖ ಬರೀ ಪೂರ್ವಗ್ರಹವಲ್ಲ. ಆಕೆ ಹೊರಟು ನಿಂತರೆ ಹೃದಯಹೀನಳಲ್ಲ. ಹೇಳುವವರು ಆಕೆಗೇ ಮೊದಲು ಹೇಳಬೇಕು; ಎಲ್ಲ ತೀರ್ಮಾನವಾದ ಮೇಲೆ ನೋಟೀಸು ಕೊಟ್ಟಂತಲ್ಲ, ಅಳಲು, ಸಿಟ್ಟಾಗಲು, ತನ್ನ ದಾರಿ ನೋಡಿಕೊಳ್ಳಲು ಆಕೆಗೆ ಕಾಲ ಕೊಟ್ಟು. ನಮ್ಮ ಸುಪ್ರೀಂ ಕೋರ್ಟು 2014ರಲ್ಲಿ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿದಾಗಲೂ ಈ ಹೇಳುವ ಬಗೆಯನ್ನು ಕಲಿಸಿಕೊಡಲು ಅದಕ್ಕೆ ಸಾಧ್ಯವಿರಲಿಲ್ಲ.

ಒಂದನ್ನು ಮಾತ್ರ ಆಕೆಯೂ ಮಕ್ಕಳೂ ಹೇಳಬಾರದೆಂದು ನನಗನಿಸುತ್ತದೆ: ಕಳೆದದ್ದೆಲ್ಲ ಸುಳ್ಳೆಂದು. ಶಾಲೆಯ ಫೀ ಕಟ್ಟಿದ್ದು, ಮಗಳ ಜ್ವರಕ್ಕೆ ರಾತ್ರಿಯಿಡೀ ಒದ್ದೆ ಬಟ್ಟೆ ಹಾಕುತ್ತ ಕುಳಿತದ್ದು, ಲೋಕಲ್ ರೈಲಿನಲ್ಲಿ ನೇತಾಡಿ ದುಡಿದು ತಂದದ್ದು ಯಾವುದೂ ವೇಷವಲ್ಲ.

ಇನ್ನು ಕರೆಯುವುದು ಹೇಗೆ? ಹಿಂದಿ, ಮರಾಠಿಗಳಲ್ಲಿ "ನಾನು ಬರುತ್ತೇನೆ" ಎನ್ನುವಾಗಲೇ ಗಂಡೋ ಹೆಣ್ಣೋ ಗೊತ್ತಾಗಿಬಿಡುತ್ತದೆ. ಕನ್ನಡ ಅಷ್ಟು ಅವಸರದ್ದಲ್ಲ. "ನಾನು ಬಂದೆ" ಎಂಬುದು ಇಬ್ಬರಿಗೂ ಒಂದೇ, "ಅವರು ಬಂದರು" ಎಂಬ ಗೌರವವೂ ಒಂದೇ. ಮೇಲೆ ಮಾರಿಸ್ ಬಗ್ಗೆ ಬರೆಯುವಾಗ ನನಗೆ ಎಲ್ಲೂ ತಡವರಿಸಬೇಕಾಗಲಿಲ್ಲ. ತೊಡಕು ಸಲಿಗೆಯಲ್ಲಿ, "ಅಪ್ಪ ಬಂದ" ಎನ್ನುವ ಮಕ್ಕಳಿಗೆ. ಅಪ್ಪ ಎನ್ನುವುದನ್ನು ಬಿಡಲಾಗದ ಮಗನ ಮೇಲೆ ಮುನಿಯಬಾರದು. ಹಾಗೆಯೇ ಸೀರೆಯುಟ್ಟ ಅಪ್ಪನೊಡನೆ ಮಾರ್ಕೆಟ್ಟಿಗೆ ಹೋಗಲು ಹುಡುಗ ಮೊದಲ ತಿಂಗಳು ಹಿಂಜರಿದರೆ ಅದನ್ನು ತಿರಸ್ಕಾರವೆನ್ನಬೇಕಾಗಿಲ್ಲ.

ಊರಿನಿಂದ ದೂರವಿರುವ ನಮಗೆ ಇನ್ನೊಂದು ಸಂಕಟ: ಇಲ್ಲಿ ಪಕ್ಕದ ಫ್ಲ್ಯಾಟಿನವರು ತಲೆಕೆಡಿಸಿಕೊಳ್ಳದಿದ್ದರೂ ಸುದ್ದಿ ಊರಿಗೆ ಮುಟ್ಟಲು ಒಂದು ಫೋನು ಸಾಕು. ನಾಳೆ ಮಗಳ ಮದುವೆ ಬಂತೆನ್ನಿ. ಲಗ್ನಪತ್ರಿಕೆಯಲ್ಲಿ ಹಳೆಯ ಹೆಸರೋ ಹೊಸ ಹೆಸರೋ, ಧಾರೆಗೆ ಯಾರು ನಿಲ್ಲಬೇಕು ಎಂದು ಚಿಕ್ಕಪ್ಪಂದಿರು, ಸೋದರಮಾವಂದಿರು ಸಭೆ ಸೇರುತ್ತಾರೆ. ಆ ಸಭೆಯಲ್ಲಿ ಮೊದಲು ಕೇಳಬೇಕಾದದ್ದು ಮಗಳನ್ನು.